ಗಂಟೆಯವಳ ಪರ ವಾದ

ಪುಟ್ಟುವಿನ ಅಕ್ಕ ದಿನವೆಲ್ಲ ಬೇರೆಯವರ ಮಾತುಗಳನ್ನು ಟೈಪ್ ಮಾಡುತ್ತಿದ್ದಳು. ಕೋರ್ಟಿನಲ್ಲಿ ವಕೀಲರು ಕೇಳಿದ್ದು, ಸಾಕ್ಷಿಗಳು ತಡವರಿಸಿದ್ದು, ನ್ಯಾಯಾಧೀಶರು ಗದರಿದ್ದು ಎಲ್ಲ ಧ್ವನಿಮುದ್ರಣವಾಗಿ ಅವಳ ಕಂಪ್ಯೂಟರಿಗೆ ಬರುತ್ತಿತ್ತು. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಮಾತನ್ನು ನಿಲ್ಲಿಸುತ್ತ, ಹಿಂದಕ್ಕೋಡಿಸುತ್ತ ಅವಳು ಅದನ್ನು ಅಕ್ಷರಕ್ಕಿಳಿಸುತ್ತಿದ್ದಳು. ತನ್ನದೆಂದು ಒಂದು ಮಾತನ್ನೂ ಸೇರಿಸುವಂತಿರಲಿಲ್ಲ. ಬಸ್ಸಿನಿಂದ ಇಳಿಯುವಾಗ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆಯಲ್ಲೇ ಕೂತು ಮಾಡುವಂಥ ಕೆಲಸ ಅವಳಿಗೆ ಅದೊಂದೇ ಸಿಕ್ಕಿತ್ತು.

ಮನೆ ಮೂರನೇ ಮಹಡಿಯಲ್ಲಿತ್ತು, ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಊರುಗೋಲು ಹಿಡಿದು ಅಡುಗೆಮನೆ, ಬಚ್ಚಲು, ಕಿಟಕಿ ಇಷ್ಟಕ್ಕೆ ಅವಳ ಓಡಾಟ ಮುಗಿಯುತ್ತಿತ್ತು. ಆಸ್ಪತ್ರೆಗೆ ಹೋಗಲೇಬೇಕಾದಾಗ ಪುಟ್ಟು ಮತ್ತು ಕೆಳಗಿನ ಮನೆಯ ಗಾರೆಯವನು ಅವಳನ್ನು ಕುರ್ಚಿ ಸಮೇತ ಎತ್ತಿ ಇಳಿಸುತ್ತಿದ್ದರು. ಆಗೆಲ್ಲ ಅವಳು ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ಭಯಕ್ಕಲ್ಲ, ಮೆಟ್ಟಿಲಲ್ಲಿ ಎದುರಾದವರು ಗೋಡೆಗೆ ಅಂಟಿ ನಿಂತು ದಾರಿ ಬಿಡುವುದನ್ನು ನೋಡಲಾಗುತ್ತಿರಲಿಲ್ಲ.

ಅವಳ ಬೀದಿ, ಅವಳ ಸಂತೆ, ಅವಳ ನೆರೆಹೊರೆ ಎಲ್ಲ ಇದ್ದದ್ದು ಬಳಗದಲ್ಲಿ. 'ಒಂಬತ್ತು ಕಣಿವೆ' ಎಂಬ ದೊಡ್ಡ ಕಾದಂಬರಿ ಮಾಲೆಯ ಹುಚ್ಚು ಹಿಡಿದವರು ನೆಟ್ಟಿನಲ್ಲಿ ಕಟ್ಟಿಕೊಂಡ ಗುಂಪು ಅದು. ದಪ್ಪ ದಪ್ಪ ಐದು ಸಂಪುಟ ಬಂದಿತ್ತು, ಆರನೆಯದೂ ಕೊನೆಯದೂ ಆದದ್ದು ಬರಬೇಕಿತ್ತು. ರಾಜರು, ಮಂತ್ರವಾದಿಗಳು, ಮಾತಾಡುವ ನದಿಗಳು ಏನೆಲ್ಲ ಇದ್ದರೂ ಬಳಗದವರು ಕಚ್ಚಾಡುತ್ತಿದ್ದುದು ಹೆಚ್ಚಾಗಿ ಒಬ್ಬ ಸಾಧಾರಣ ಹೆಂಗಸಿನ ವಿಷಯಕ್ಕೆ. ಘಾಟಿಯ ಮೇಲಿನ ಗೋಪುರದಲ್ಲಿ ಒಬ್ಬಳೇ ಇದ್ದು ದೊಡ್ಡ ಗಂಟೆಯನ್ನು ಕಾಯುವವಳು ಅವಳು. ಶತ್ರುಸೈನ್ಯ ಘಾಟಿ ಹತ್ತಿದರೆ ಅವಳು ಗಂಟೆ ಬಾರಿಸಬೇಕು, ಕೆಳಗಿನ ರಾಜಧಾನಿ ಎಚ್ಚೆತ್ತು ಬಾಗಿಲು ಹಾಕಿಕೊಳ್ಳಬೇಕು. ಎರಡನೇ ಸಂಪುಟದ ಕೊನೆಯಲ್ಲಿ ಸೈನ್ಯ ಬಂತು, ಗಂಟೆ ಮೊಳಗಲಿಲ್ಲ, ರಾಜಧಾನಿ ಸುಟ್ಟು ಬೂದಿಯಾಯಿತು. ಗಂಟೆಯವಳು ಎಲ್ಲಿ ಹೋದಳೋ ಪತ್ತೆಯಿಲ್ಲ.

ದ್ರೋಹಿ, ಶತ್ರುವಿಗೆ ಮಾರಿಕೊಂಡಳು ಎಂದು ಮುಕ್ಕಾಲು ಬಳಗ ಹೇಳುತ್ತಿತ್ತು. ಅಕ್ಕ ಒಪ್ಪಲಿಲ್ಲ. ಗಂಟೆಯೊಳಗೆ ತೂಗುವ ನಾಲಿಗೆಯನ್ನೇ ರಾಜಗುರು ಕದ್ದಿದ್ದ ಎಂಬುದು ಅವಳ ವಾದ. ಮೂರನೇ ಸಂಪುಟದಲ್ಲಿ ರಾಜಗುರುವಿನ ಕುದುರೆ ಬಲಗಡೆ ಚೀಲ ಹೇರಿದಾಗ ಮಾತ್ರ ಕುಂಟುತ್ತದೆ. ನಾಲ್ಕನೆಯದರಲ್ಲಿ ಬೆಸ್ತನೊಬ್ಬನ ಬಲೆಗೆ ತುದಿಯಲ್ಲಿ ಗುಂಡಿರುವ ಉದ್ದನೆಯ ಕಬ್ಬಿಣ ಸಿಗುತ್ತದೆ. 'ಅದು ನಾಲಿಗೆ ಅಲ್ಲದೆ ಮತ್ತೇನು? ಪಾಪದವಳು ಹಗ್ಗ ಎಳೆದಳು, ಎಳೆದಳು, ಗಂಟೆ ಮೂಕವಾಗಿತ್ತು' ಎಂದು ಅಕ್ಕ ಬರೆದದ್ದನ್ನು ಊರೂರ ಓದುಗರು ಹಂಚಿಕೊಂಡಿದ್ದರು. ಬಳಗದಲ್ಲಿ ಅವಳಿಗೆ 'ವಕೀಲಕ್ಕ' ಎಂದೇ ಹೆಸರು ಬಿತ್ತು.

ಅವಳ ಎದುರಾಳಿ ತನ್ನನ್ನು 'ಸೇನಾಪತಿ' ಎಂದು ಕರೆದುಕೊಳ್ಳುತ್ತಿದ್ದ. ನಿಜದಲ್ಲಿ ಅವನದು ಟೈರ್ ಅಂಗಡಿ. ಫೋನಿನಲ್ಲಿ ಮಾತಾಡುವಾಗ ಹಿಂದಿನಿಂದ ಗಾಳಿ ತುಂಬುವ ಯಂತ್ರ ಬುಸುಗುಡುವುದು ಕೇಳುತ್ತಿತ್ತು.

"ಅಕ್ಕಾವ್ರೇ, ಅದೆಲ್ಲ ಇರ್ಲಿ. ಅವಳ ಬೂಟು ಎಲ್ಲಿ?" ಎಂದು ಅವನು ಪ್ರತಿಸಲ ಕೇಳುವವನು. ಗೋಪುರದಲ್ಲಿ ಅವಳ ಕಂಬಳಿ ಇತ್ತು, ಪಾತ್ರೆ ಇತ್ತು, ಬೂಟು ಮಾತ್ರ ಇರಲಿಲ್ಲ. ಬೂಟು ಮೆಟ್ಟಿಕೊಂಡವಳು ತಾನಾಗಿ ನಡೆದುಹೋದವಳು ಎಂಬುದು ಅವನ ಪಟ್ಟು.

"ಅವಳನ್ನ ಹೊತ್ಕೊಂಡು ಹೋದ ಶತ್ರುಗಳು ಬೂಟು ಬಿಟ್ಟು ಹೋಗ್ತಾರಾ? ಹಿಮ ಬಿದ್ದಿರೋ ಘಾಟೀಲಿ ಒಳ್ಳೇ ಚರ್ಮದ ಬೂಟು!" ಎಂದು ಅಕ್ಕ ಕೂಡಲೇ ಬಾರಿಸುತ್ತಿದ್ದಳು.

ಇಷ್ಟಕ್ಕೆಲ್ಲ ಪುಟ್ಟು ಅವಳ ಜೊತೆಗಾರ. ನಲವತ್ತರ ಅಂಚಿಗೆ ಬಂದಿದ್ದರೂ ಅವಳ ಬಾಯಲ್ಲಿ ಅವನು ಪುಟ್ಟುವೇ. ಅವನು ಮುದ್ರಣಾಲಯವೊಂದರಲ್ಲಿ ಪ್ರೂಫ್ ನೋಡುತ್ತಿದ್ದ. ಮಾತಿನ ನಡುವೆ ತಡೆದು ತಡೆದು ನಿಲ್ಲುವ ಅಭ್ಯಾಸವಿದ್ದದ್ದರಿಂದ ಅಲ್ಲಿನವರು ಅವನನ್ನು 'ಅಲ್ಪವಿರಾಮ' ಎನ್ನುತ್ತಿದ್ದರು. ಸಂಜೆ ಮನೆಗೆ ಬಂದು ಟೀ ಕಾಸಿ, ಬ್ರೆಡ್ಡು ಸುಟ್ಟು ಇಬ್ಬರೂ ಕೂತರೆಂದರೆ ಅವನು ಸೇನಾಪತಿಯ ಪಾತ್ರ ವಹಿಸಿ ಅವಳ ಮೇಲೆ ಏರಿಹೋಗಬೇಕು. ಅವಳು ಅವನನ್ನು ಬಡಿದು ಮೂಲೆಗೆ ಕೂರಿಸಬೇಕು. ಅಮ್ಮ ತೀರಿಕೊಂಡ ಮೇಲೆ ಆ ಮನೆಯಲ್ಲಿ ನಗು ಕೇಳಿಸುತ್ತಿದ್ದರೆ ಆ ಹೊತ್ತಿನಲ್ಲೇ.

ಹೀಗಿರುವಾಗ ಒಂದು ಬೆಳಿಗ್ಗೆ ಮ್ಯಾನೇಜರು ಪುಟ್ಟುವನ್ನು ಕರೆದು ಹಿಂದಿನ ಕೋಣೆಗೆ ಕರೆದೊಯ್ದರು. ಕಿಟಕಿಗೆ ಹೊಸದಾಗಿ ತಂತಿಬಲೆ ಬಡಿದಿದ್ದರು. ಬಾಗಿಲಲ್ಲಿ ಕಾವಲುಗಾರ ಸ್ಟೂಲು ಹಾಕಿಕೊಂಡು ಕೂತಿದ್ದ. ಅವನ ಪಕ್ಕದಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿ.

"ಫೋನು ಇದರೊಳಗೆ ಹಾಕು," ಎಂದರು ಮ್ಯಾನೇಜರು. "ಸಂಜೆ ಹೋಗುವಾಗ ಕೊಡ್ತಾರೆ. ಹೋಗುವಾಗ ಬ್ಯಾಗು, ಜೇಬು ಎಲ್ಲ ನೋಡ್ತಾರೆ, ಬೇಜಾರು ಮಾಡ್ಕೋಬೇಡ."

ಮೇಜಿನ ಮೇಲೆ ಹಾಳೆಗಳ ಕಟ್ಟು. ಮೊದಲ ಹಾಳೆ ನೋಡಿ ಪುಟ್ಟು ಒಂದು ಹೆಜ್ಜೆ ಹಿಂದೆ ಸರಿದ. 'ಒಂಬತ್ತು ಕಣಿವೆ: ಆರನೆಯ ಸಂಪುಟ.'

"ಸಾರ್, ಇದು... ನನಗೆ ಬೇಡ ಸಾರ್."

"ಹಿಂದಿನ ಐದು ಸಂಪುಟದ ಹೆಸರು, ಊರು, ವಂಶ ಎಲ್ಲ ಬಾಯಿಪಾಠ ಇರೋನು ಇಲ್ಲಿ ನೀನೊಬ್ಬನೇ. ಅದಕ್ಕೇ ನಿನಗೆ." ಮ್ಯಾನೇಜರು ದನಿ ತಗ್ಗಿಸಿದರು. "ನಿಮ್ಮನೇಲಿ ಈ ಪುಸ್ತಕದ ಹುಚ್ಚಿರೋರು ಇದ್ದಾರಂತಲ್ಲ. ನೋಡು, ಒಂದಕ್ಷರ ಆಚೆ ಹೋದ್ರೆ ನಿನ್ನ ಕೆಲಸವೂ ಹೋಗುತ್ತೆ, ನನ್ನದೂ ಹೋಗುತ್ತೆ. ಇದು ನಮ್ಮಲ್ಲಿ ಅಚ್ಚಾಗ್ತಿದೆ ಅನ್ನೋದೇ ಯಾರಿಗೂ ಗೊತ್ತಾಗಬಾರದು."

ಪುಟ್ಟು ಕೂತ. ಕಾವಲುಗಾರ ಹೊರಗಿನಿಂದ ಚಿಲಕ ಹಾಕಿದ.

ಕೆಲವು ದಿನ ಏನೂ ಆಗಲಿಲ್ಲ. ಕಥೆ ಮುಂದೆ ಸಾಗುತ್ತಿತ್ತು, ಅವನ ಕೆಂಪು ಪೆನ್ನೂ ಸಾಗುತ್ತಿತ್ತು. ಮನೆಯಲ್ಲಿ "ಏನು ನೋಡ್ತಿದೀಯ ಈಗ?" ಎಂದು ಅಕ್ಕ ಕೇಳಿದಾಗ ರಸಾಯನಶಾಸ್ತ್ರದ ಪಠ್ಯಪುಸ್ತಕ ಎಂದು ಹೇಳಿದ್ದ. ಅವಳು ಮುಖ ಸಿಂಡರಿಸಿ ಸುಮ್ಮನಾಗಿದ್ದಳು.

ಆಮೇಲೆ ಒಂದು ಮಧ್ಯಾಹ್ನ ಗಂಟೆಯವಳು ಬಂದಳು. ಯಾವುದೋ ದೂರದ ಕಣಿವೆಯಲ್ಲಿ ಮುದುಕಿಯಾಗಿ ಉಣ್ಣೆ ಹಿಂಜುತ್ತ ಕೂತಿದ್ದಳು. ಮನೆಮಠ ಕಳೆದುಕೊಂಡ ರಾಜಕುಮಾರಿ ಅವಳನ್ನು ಹುಡುಕಿ ಬಂದು, ಆ ದಿನ ಏನಾಯಿತು ಎಂದು ಕೇಳಿದಳು. ಪುಟ್ಟು ಪೆನ್ನು ಕೆಳಗಿಟ್ಟು ಓದಿದ. ಗಂಟೆಯವಳು ಹಿಂಜುವುದನ್ನು ನಿಲ್ಲಿಸದೆ ಹೇಳಿದ್ದಳು: 'ಗಂಟೆ ಸರಿಯಾಗಿಯೇ ಇತ್ತು. ಹಗ್ಗ ನನ್ನ ಕೈಯಲ್ಲಿತ್ತು. ಬಾರಿಸಿದರೆ ಅವರು ಮೊದಲು ನನ್ನ ಹತ್ತಿರ ಬರುತ್ತಿದ್ದರು. ಬೂಟು ಮೆಟ್ಟಿಕೊಂಡು ಹಿಂದಿನ ದಾರಿಯಲ್ಲಿ ಇಳಿದುಬಿಟ್ಟೆ. ನಾನು ಬಾರಿಸಲಿಲ್ಲ.'

ಶತ್ರುವಿಗೆ ಮಾರಿಕೊಂಡಿರಲೂ ಇಲ್ಲ. ಬರೀ ಹೆದರಿಕೆ. ಬಲೆಗೆ ಸಿಕ್ಕ ಕಬ್ಬಿಣವನ್ನು ಮುಂದಿನ ಪುಟದಲ್ಲೇ ಹಳೆಯ ದೋಣಿಯ ಲಂಗರು ಎಂದು ಹೇಳಿ ಮುಗಿಸಿದ್ದರು.

ಪುಟ್ಟು ಆ ಪುಟವನ್ನು ಮತ್ತೆ ಮತ್ತೆ ಓದಿದ. ಒಂದು ದೀರ್ಘ ತಪ್ಪಿರಲಿಲ್ಲ, ಒಂದು ಒತ್ತು ಬಿಟ್ಟುಹೋಗಿರಲಿಲ್ಲ. ಅವನ ಕಣ್ಣು ಕೊನೆಯ ಪದಕ್ಕೆ ಅಂಟಿಕೊಂಡಿತು. ಬಾರಿಸಲಿಲ್ಲ. ನಡುವೆ ಎರಡೇ ಅಕ್ಷರ ಸೇರಿಸಿದರೆ 'ಬಾರಿಸಲಾಗಲಿಲ್ಲ' ಆಗುತ್ತಿತ್ತು. ಓದುಗರು ವರ್ಷಗಟ್ಟಲೆ ಅದರ ಅರ್ಥಕ್ಕೆ ಜಗಳಾಡುತ್ತಿದ್ದರು, ಅಕ್ಕ ಅಷ್ಟೂ ವರ್ಷ ಬದುಕಿಕೊಳ್ಳುತ್ತಿದ್ದಳು. ಅವನ ಕೈ ತಾನಾಗಿ ಹೋಗಿ ಪದದ ನಡುವೆ ಸೇರ್ಪಡೆಯ ಗುರುತು ಹಾಕಿತು. ಅಂಚಿನಲ್ಲಿ 'ಲಾ' ಎಂದು ಬರೆದವನು ಅಲ್ಲಿಗೇ ನಿಲ್ಲಿಸಿ, ಅದರ ಮೇಲೆ ಕೆಂಪು ಗೀಚಿ ಗೀಚಿ ಒಡೆದ ಕುರುವಿನಂತೆ ಮಾಡಿಟ್ಟ.

ಸಂಜೆ ಹಾಳೆ ಎಣಿಸುವಾಗ ಮ್ಯಾನೇಜರು ಕೇಳಿದರು, "ಇದೇನು ಇಲ್ಲಿ?"

"ಕೈ ತಪ್ಪಿತು ಸಾರ್."

"ನಿನ್ನ ಕೈ ತಪ್ಪಿದ್ದು ನಾನು ಇವತ್ತೇ ನೋಡಿದ್ದು."

ಮನೆಗೆ ಹೋದರೆ ಅಕ್ಕ ಬಾಗಿಲ ತನಕ ಬಂದು ನಿಂತಿದ್ದಳು. ಮುಖ ಊರಗಲ ಆಗಿತ್ತು.

"ಪುಟ್ಟು, ಕೇಳೋ! ನಮ್ಮ ಬಳಗ ನಡೆಸೋ ಪುಸ್ತಕದಂಗಡಿಯಾಕೆ ದೊಡ್ಡ ಚರ್ಚೆ ಇಡ್ತಿದಾರೆ. ಆರನೇ ಸಂಪುಟ ಬರೋದಕ್ಕೆ ಮುಂಚಿನ ಭಾನುವಾರ. ನಾನು ಒಂದು ಕಡೆ, ಸೇನಾಪತಿ ಒಂದು ಕಡೆ. ಎಲ್ಲ ಊರಿನೋರೂ ನೆಟ್ಟಲ್ಲಿ ಕೇಳ್ತಾರಂತೆ!"

"ಓ, ಒಳ್ಳೇದಾಯ್ತು," ಎಂದ ಅವನು ಬೂಟಿನ ದಾರ ಬಿಚ್ಚುತ್ತ.

"ಪಣ ಬೇರೆ ಇದೆ. ಪುಸ್ತಕ ಬಂದಮೇಲೆ ಯಾರ ವಾದ ಸುಳ್ಳಾಗುತ್ತೋ ಅವರು ಬಳಗ ಬಿಟ್ಟು ಹೋಗಬೇಕು. ನಾನೇ ಹೇಳಿದೆ. ಸೇನಾಪತಿ ವೀಡಿಯೋದಲ್ಲೇ ಗಡ್ಡ ಕೆರೆದುಕೊಂಡು ಒಪ್ಪಿಕೊಂಡ."

ಪುಟ್ಟುವಿನ ಕೈಯಲ್ಲಿ ದಾರ ಗಂಟಾಯಿತು. "ಪಣ ಯಾಕಕ್ಕ? ಮಾತಿಗೆ ಮಾತು ಆದ್ರೆ ಸಾಲದಾ?"

"ಯಾಕೆ, ಸೋಲ್ತೀನಾ ನಾನು?"

"ಹಾಗಲ್ಲ... ಬಳಗ ಬಿಟ್ಟು ನೀನು ಏನು ಮಾಡ್ತೀಯ ಅಂತ."

"ಬಿಡೋದು ಅವನು ಕಣೋ," ಎಂದು ಅಕ್ಕ ನಕ್ಕಳು. "ಟೈರಿಗೆ ಗಾಳಿ ಹಾಕ್ಕೊಂಡು ಇರ್ಲಿ."

ಅಂದಿನಿಂದ ಪುಟ್ಟುವಿಗೆ ಮನೆಯೂ ಚಿಲಕ ಹಾಕಿದ ಕೋಣೆಯಂತಾಯಿತು. ಹಗಲು ಬಲೆ ಬಡಿದ ಕಿಟಕಿಯ ಪಕ್ಕ ಕೂತು ಬಾಯಿ ಬಿಡಬಾರದು. ಸಂಜೆ ಅಕ್ಕನ ಎದುರು ಕೂತು ಬಾಯಿ ಬಿಡಬೇಕು, ಆದರೆ ಸುಳ್ಳಾಡಬೇಕು. ತಲೆನೋವು ಎಂದ. ಕಣ್ಣುರಿ ಎಂದ. ಅಂಗಡಿಗೆ ಹೋಗಿ ಬೇಕೆಂದೇ ಹೊತ್ತು ಮಾಡಿ ಬಂದ. ಎಷ್ಟು ದಿನ ತಪ್ಪಿಸಿಕೊಂಡಾನು?

"ಬಾರೋ, ಒಂದ್ಸಲ ಪೂರ್ತಿ ತಾಲೀಮು ಮಾಡೋಣ," ಎಂದು ಅಕ್ಕ ಒಂದು ಸಂಜೆ ಅವನನ್ನು ಹಿಡಿದು ಕೂರಿಸಿದಳು. "ನೀನು ಸೇನಾಪತಿ. ಬಿಡಬೇಡ ನನ್ನ. ಹರಿದು ಹಾಕು."

ಅವನು ಶುರು ಮಾಡಿದ. ರಾಜಗುರುವಿಗೆ ಗಂಟೆಯ ನಾಲಿಗೆ ಕದಿಯುವ ಅವಶ್ಯಕತೆ ಏನು ಎಂದ. ಕುದುರೆ ಕುಂಟಿದ್ದಕ್ಕೆ ಲಾಳ ಸವೆದದ್ದೂ ಕಾರಣವಿರಬಹುದು ಎಂದ. ಲಂಗರಿನ ಮಾತು ಬಾಯಿಗೆ ಬರುವುದರಲ್ಲಿತ್ತು, ನುಂಗಿಕೊಂಡ. ಅಕ್ಕ ಒಂದೊಂದಕ್ಕೂ ಪುಟಸಂಖ್ಯೆ ಸಮೇತ ಉತ್ತರ ಕೊಟ್ಟಳು. ಕೊನೆಗೆ ಅವನು, "ಅಷ್ಟೇ. ನೀನೇ ಗೆದ್ದೆ," ಎಂದು ಏಳಲು ಹೋದ.

"ಕೂತ್ಕೋ. ಬೂಟು?"

"ಏನು ಬೂಟು?"

"ಗಂಟೆಯವಳ ಬೂಟು ಕಣೋ. ಸೇನಾಪತಿ ಆದಾಗೆಲ್ಲ ನೀನು ಮೊದಲು ಎತ್ತೋದೇ ಅದು. ಇವತ್ತು ಯಾಕೆ ಎತ್ತಲಿಲ್ಲ?"

"ಮರೆತೆ."

"ಕಾಮಾ ಮರೆಯದವನು ಬೂಟು ಮರೆತೆಯಾ?"

ಅವನು ಟೀ ಲೋಟ ಎತ್ತಿಕೊಂಡ. ಅದು ಖಾಲಿಯಾಗಿತ್ತು. ಖಾಲಿ ಲೋಟದಿಂದಲೇ ಕುಡಿದ. ಅಕ್ಕ ನೋಡುತ್ತಲೇ ಇದ್ದಳು. ಸಾಕ್ಷಿಗಳು ತಡವರಿಸುವುದನ್ನು ವರ್ಷಗಟ್ಟಲೆ ಕೇಳಿದ ಕಿವಿ ಅವಳದು.

"ರಸಾಯನಶಾಸ್ತ್ರ ಮುಗೀತಾ?"

"ಇನ್ನೂ ಇಲ್ಲ."

"ಯಾವ ತರಗತಿದು?"

"ಒಂಬತ್ತು."

"ಮೊನ್ನೆ ಹತ್ತು ಅಂದಿದ್ದೆ."

ಪುಟ್ಟು ಖಾಲಿ ಲೋಟವನ್ನು ಕೆಳಗಿಟ್ಟ. ಅಕ್ಕನ ಮುಖದಿಂದ ಬಣ್ಣ ಇಳಿಯುತ್ತ ಹೋಯಿತು. ಅವಳು ಕೈ ಎತ್ತಿ ಅವನ ಬಾಯಿಗೆ ಅಡ್ಡ ಹಿಡಿದಳು.

"ಹೇಳಬೇಡ. ಹೌದು ಅನ್ನಬೇಡ, ಅಲ್ಲ ಅನ್ನಬೇಡ. ಏನೂ ಹೇಳಬೇಡ ನೀನು."

ಊರುಗೋಲು ತೆಗೆದುಕೊಂಡು ತನ್ನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಸ್ವಲ್ಪ ಹೊತ್ತಿಗೆ ಟೈಪ್ ಮಾಡುವ ಸದ್ದು ಕೇಳಿಸಿತು. ಒಂದು ಸಾಲು ಹೊಡೆಯುವುದು, ಅಳಿಸುವುದು, ಮತ್ತೆ ಅದನ್ನೇ ಹೊಡೆಯುವುದು.

ಮರುದಿನ ಅವಳು ಅವನ ಜೊತೆ ಮಾತಾಡಲಿಲ್ಲ. ಅದರ ಮರುದಿನ ಬೆಳಿಗ್ಗೆ ಅವನು ಶರಟಿಗೆ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಹಿಂದಿನಿಂದ ಸಿಡಿದಳು.

"ಪಣ ಹೋಯ್ತು ಅಂತ ಸಿಟ್ಟಲ್ಲ ನನಗೆ. ಆರು ವರ್ಷದಿಂದ ಕಾಯ್ತಿದ್ದೆ ಕಣೋ. ಪುಸ್ತಕ ಕೈಗೆ ಬಂದಾಗ ಆ ಪುಟ ನಾನೇ ತಿರುವಬೇಕು ಅಂತ. ಇನ್ನು ಅದನ್ನ ತಿರುವೋದೇನು, ಹೆಣದ ಮುಖದ ಮೇಲಿನ ಬಟ್ಟೆ ಸರಿಸಿದ ಹಾಗೆ."

"ನಾನು ಏನೂ ಹೇಳಲಿಲ್ಲವಲ್ಲ ಅಕ್ಕ."

"ನಿನ್ನ ಮುಖ ಹೇಳಿತು. ಹಾಳಾದ ಮುಖ, ಅಪ್ಪನ ಹಾಗೆ. ಒಂದು ಗುಟ್ಟು ನಿಲ್ಲಲ್ಲ."

ಪುಟ್ಟು ಗೋಡೆ ನೋಡುತ್ತ ನಿಂತ. "ಹುಷಾರಿಲ್ಲ ಅಂತ ಹೇಳಿ ಚರ್ಚೆ ಬಿಟ್ಟುಬಿಡು. ಸೊಂಟ ನೋವು ಅನ್ನು. ಯಾರು ಬಂದು ನೋಡ್ತಾರೆ?"

"ನಾನು ಹಿಂದೆ ಸರಿದ್ರೆ ಏನಂತಾರೆ ಗೊತ್ತಾ? ನನ್ನ ತಮ್ಮ ಪ್ರೆಸ್ಸಲ್ಲಿ ಪ್ರೂಫ್ ನೋಡ್ತಾನೆ ಅಂತ ಬಳಗದಲ್ಲಿ ಎಲ್ಲರ ಹತ್ರ ಕೊಚ್ಚಿಕೊಂಡಿದೀನಿ. ಪುಸ್ತಕ ಯಾವ ಪ್ರೆಸ್ಸಲ್ಲಿ ಅಚ್ಚಾಗ್ತಿದೆ ಅಂತ ಅವರು ಈಗಾಗಲೇ ಮೂಗು ಚಾಚಿಕೊಂಡು ಹುಡುಕ್ತಿದಾರೆ. ಇಷ್ಟು ವರ್ಷ ಕುಣಿದವಳು ಈಗ ತಣ್ಣಗಾದ್ರೆ ಯಾಕೆ ಅಂತ ಯೋಚಿಸೋಕೆ ಅವರೇನು ದಡ್ಡರಾ? ಆಮೇಲೆ ನಿನ್ನ ಗತಿ?"

"ಹೋದ್ರೆ ಹೋಗ್ಲಿ ಕೆಲಸ."

"ಹೋಗ್ಲಿ ಅಂತೆ! ಈ ವಯಸ್ಸಲ್ಲಿ ನಿನಗೆ ಇನ್ನೊಂದು ಕಡೆ ಯಾರು ಕೂರಿಸ್ಕೊಂಡು ಕಾಮಾ ಹಾಕಿಸ್ತಾರೆ? ಹೋಗು, ಹೊತ್ತಾಯ್ತು."

ಅವನು ಮೆಟ್ಟಿಲಿಳಿಯುವಾಗ ಮೇಲಿನಿಂದ ಅವಳ ದನಿ ಬಂತು. "ಮೊದಲಿನ ಹಾಗೇ ವಾದ ಮಾಡ್ತೀನಿ. ಅದಕ್ಕಿಂತ ಜೋರಾಗಿ."

ಭಾನುವಾರ ಮಧ್ಯಾಹ್ನ ಅವಳು ಇಸ್ತ್ರಿ ಮಾಡಿದ ನೀಲಿ ಬಟ್ಟೆ ತೊಟ್ಟು, ಕೂದಲು ಬಾಚಿ, ಕಂಪ್ಯೂಟರಿನ ಮುಂದೆ ನೆಟ್ಟಗೆ ಕೂತಳು. ಪುಟ್ಟು ಅಡುಗೆಮನೆಯಲ್ಲಿ ನೀರಿನ ನಲ್ಲಿಗೆ ಬಟ್ಟೆ ಕಟ್ಟಿದ, ತೊಟ್ಟಿಕ್ಕುವ ಸದ್ದು ಕೇಳಿಸದಿರಲೆಂದು. ಆಮೇಲೆ ಬಾಗಿಲ ಹಿಂದೆ ನೆಲದ ಮೇಲೆ ಕೂತುಕೊಂಡ. ಅಕ್ಕನ ಕಣ್ಣಿಗೆ ತಾನು ಬೀಳಬಾರದು ಎಂಬುದಷ್ಟೇ ಅವನ ತಲೆಯಲ್ಲಿತ್ತು.

ಪುಸ್ತಕದಂಗಡಿಯಾಕೆ ಎಲ್ಲರನ್ನೂ ಸ್ವಾಗತಿಸಿದರು. ಸೇನಾಪತಿ ಮೊದಲು ಮಾತಾಡಿದ, ಎಂದಿನಂತೆ ಗಡುಸಾಗಿ. ಆಮೇಲೆ ಅಕ್ಕ ಶುರು ಮಾಡಿದಳು.

ಪುಟ್ಟು ಅವಳ ವಾದವನ್ನು ನೂರಾರು ಸಲ ಕೇಳಿದ್ದ, ಆದರೆ ಹೀಗೆ ಕೇಳಿರಲಿಲ್ಲ. ಕುದುರೆಯ ಕುಂಟು, ಬಲಗಡೆಯ ಚೀಲ, ಬೆಸ್ತನ ಬಲೆ ಎಲ್ಲವನ್ನೂ ಅವಳು ಒಂದರ ಹಿಂದೊಂದು ತಂದು ನಿಲ್ಲಿಸಿದಳು. ಆಮೇಲೆ ಗೋಪುರಕ್ಕೆ ಹತ್ತಿದಳು. ಗಂಟೆಯವಳು ಹಗ್ಗ ಹಿಡಿದದ್ದು, ಮೈಭಾರವೆಲ್ಲ ಹಾಕಿ ಎಳೆದದ್ದು, ಮೇಲೆ ಗಂಟೆ ಸುಮ್ಮನೆ ತೂಗಾಡಿದ್ದು. "ಕೆಳಗೆ ದೀಪಗಳು ಕಾಣ್ತಿದ್ದವು ಅವಳಿಗೆ. ಕೂಗಿದರೆ ಕೇಳಿಸಲ್ಲ, ಓಡಿದರೆ ತಲುಪಲ್ಲ. ಬೇರೆ ಏನು ಮಾಡಬೇಕಿತ್ತು ಅವಳು? ಹೇಳಿ." ದನಿ ನಡುಗಿತು. ಅದು ನಾಟಕವೋ ನಿಜವೋ ಬಾಗಿಲ ಹಿಂದೆ ಕೂತ ಪುಟ್ಟುವಿಗೆ ತಿಳಿಯಲಿಲ್ಲ. ಸುಳ್ಳೆಂದು ಗೊತ್ತಿದ್ದೂ ಅವನ ಕಣ್ಣು ತುಂಬಿತು.

ಸೇನಾಪತಿ ಕೆಮ್ಮಿ, ಮೆತ್ತಗೆ ಕೇಳಿದ. "ಅಕ್ಕಾವ್ರೇ, ಒಂದೇ ಮಾತು. ನಾಳೆ ಪುಸ್ತಕ ಬಂದು, ಅವಳೇ ಬೇಕಂತ ಬಾರಿಸಲಿಲ್ಲ ಅಂತ ಆಯ್ತು ಅನ್ಕೊಳ್ಳಿ. ಆಗ ಅವಳ ಬಗ್ಗೆ ಏನಂತೀರಿ?"

ಪುಟ್ಟು ಬಾಗಿಲ ಸಂದಿಯಿಂದ ನೋಡಿದ. ಅಕ್ಕನ ಬಾಯಿ ತೆರೆಯಿತು. ಹೇಳಲು ಅವಳ ಹತ್ತಿರ ಏನೋ ಇತ್ತು, ಗಂಟಲವರೆಗೆ ಬಂದಿತ್ತು. ಅವಳ ಕೈ ಮೇಜಿನ ಅಂಚನ್ನು ಹಿಡಿಯಿತು.

"ಹಾಗಾಗಲ್ಲ," ಎಂದಳು. ಅಷ್ಟೇ.

ಕೇಳಿದವರ ಅಭಿಪ್ರಾಯ ಪಡೆದಾಗ ಹೆಚ್ಚಿನವರು ವಕೀಲಕ್ಕನ ಕಡೆಗಿದ್ದರು. ಅಭಿನಂದನೆಗಳು ಬರುತ್ತಲೇ ಇದ್ದವು. ಅವಳು ಕಂಪ್ಯೂಟರು ಆರಿಸಿ, "ಪುಟ್ಟು, ನನ್ನನ್ನ ಮಲಗಿಸು," ಎಂದಳು. ಹಾಸಿಗೆಗೆ ಒಯ್ಯುವಾಗ ಅವಳ ಮೈ ಬೆಂಕಿಯಂತೆ ಸುಡುತ್ತಿತ್ತು.

ವಾರ ಕಳೆಯುವಷ್ಟರಲ್ಲಿ ಪುಸ್ತಕ ಬಂತು. ಬಂದ ದಿನವೇ ಬಳಗದಲ್ಲಿ ಕೋಲಾಹಲ. ಲಂಗರಿನ ಚಿತ್ರ ಹಾಕಿ 'ವಕೀಲಕ್ಕನ ನಾಲಿಗೆ ಸಿಕ್ಕಿದೆ' ಎಂದು ಯಾರೋ ಬರೆದರು. ಬೂಟಿನ ಅಂಗಡಿಯ ಫೋಟೋ ಹಾಕಿ 'ಘಾಟಿ ಇಳಿಯಲು ಅನುಕೂಲ' ಎಂದರು ಇನ್ನೊಬ್ಬರು. ಭಾನುವಾರ ಅವಳ ಮಾತಿಗೆ ಕಣ್ಣೊರೆಸಿಕೊಂಡವರೇ ಈಗ ಹೆಚ್ಚು ಗೇಲಿ ಮಾಡಿದರು. ತಮ್ಮನ್ನು ಮರುಳು ಮಾಡಿದಳೆಂಬ ಸಿಟ್ಟು ಅವರಿಗೆ. ಅಕ್ಕ ಎಲ್ಲವನ್ನೂ ಓದಿದಳು. ಕೊನೆಗೆ 'ಸೋತಿದ್ದೇನೆ. ಮಾತಿನಂತೆ ಹೊರಡುತ್ತೇನೆ. ಎಲ್ಲರಿಗೂ ವಂದನೆ' ಎಂದು ಬರೆದು ಬಳಗದಿಂದ ಹೊರಬಂದಳು.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಟೈಪಿಂಗಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಫೋನು ಮಿಡಿಯುತ್ತಿರಲಿಲ್ಲ. ಅವಳು ಅದನ್ನು ಆಗಾಗ ಎತ್ತಿ ನೋಡಿ, ಮತ್ತೆ ಕವುಚಿಡುತ್ತಿದ್ದಳು. ಪುಟ್ಟು ತಂದಿಟ್ಟ ಆರನೇ ಸಂಪುಟ ಕಪಾಟಿನ ಮೇಲೆ ಪ್ಲಾಸ್ಟಿಕ್ ಹೊದಿಕೆಯಲ್ಲೇ ಕೂತಿತ್ತು.

"ನಾನು ಹೋಗಿ ಅವರಿಗೆಲ್ಲ ನಿಜ ಹೇಳ್ತೀನಿ," ಎಂದ ಅವನು ಒಂದು ಸಂಜೆ.

"ಏನಂತ? ನನ್ನಕ್ಕ ಸುಳ್ಳು ಅಂತ ಗೊತ್ತಿದ್ದೂ ವಾದ ಮಾಡಿದಳು ಅಂತಾನಾ? ಈಗ ಬರೀ ಪೆದ್ದಿ ಆಗಿದೀನಿ. ಆಗ ಮೋಸಗಾತಿ ಆಗ್ತೀನಿ. ಬ್ರೆಡ್ಡು ತಿಂದು ಮಲ್ಕೋ."

ಮುಂದಿನ ಭಾನುವಾರ ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ಪುಟ್ಟು ತೆಗೆದರೆ, ದಪ್ಪನೆಯ ಗಡ್ಡದ ಮನುಷ್ಯನೊಬ್ಬ ಗೋಡೆಗೆ ಕೈಯೂರಿ ಏದುಸಿರು ಬಿಡುತ್ತಿದ್ದ. ಬೆರಳ ಸಂದುಗಳಲ್ಲಿ ತೊಳೆದರೂ ಹೋಗದ ಕಪ್ಪು.

"ಅಕ್ಕಾವ್ರ ಮನೆ ಇದೇನಾ? ನಾನು... ಸೇನಾಪತಿ," ಎಂದ ನಾಚಿಕೊಂಡು. "ಪುಸ್ತಕದಂಗಡಿಯಾಕೆ ವಿಳಾಸ ಕೊಟ್ರು. ಮೂರು ಮಹಡಿ ಅಂತ ಹೇಳಲಿಲ್ಲ ಪುಣ್ಯಾತ್ಗಿತ್ತಿ."

ಇಷ್ಟು ವರ್ಷ ಜಗಳಾಡಿದರೂ ಅಕ್ಕ ಅವನ ಮುಖ ಹತ್ತಿರದಿಂದ ನೋಡಿದ್ದು ಅಂದೇ. ಅವನು ಕುರ್ಚಿಯ ತುದಿಯಲ್ಲಿ ಕೂತು, ನೀರು ಕುಡಿದು, ಊರುಗೋಲನ್ನು ನೋಡಿ, ನೋಡದವನಂತೆ ಕಣ್ಣು ಸರಿಸಿದ.

"ಬಳಗಕ್ಕೆ ವಾಪಸ್ ಬನ್ನಿ ಅಕ್ಕಾವ್ರೇ. ಗೆದ್ದು ನನಗೆ ಒಂದು ಚೂರೂ ಸುಖ ಇಲ್ಲ. ಎಲ್ಲರೂ ನಾನು ಹೇಳಿದ್ದಕ್ಕೆ ಹೂಂ ಅಂತಾರೆ. ತಲೆ ಕೆಟ್ಟುಹೋಗಿದೆ."

"ಮಾತು ಅಂದ್ರೆ ಮಾತು. ನಾನೇ ಇಟ್ಟ ಪಣ."

ಅವನು ಗಡ್ಡ ಕೆರೆದುಕೊಂಡ. "ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆವತ್ತು ನಾನು ಕೊನೇ ಪ್ರಶ್ನೆ ಕೇಳಿದಾಗ ನೀವು ತಡೆದ್ರಿ. ನೀವು ತಡೆಯೋರಲ್ಲ. ನಿಮಗೆ ಮೊದಲೇ..." ಅವನ ಕಣ್ಣು ಪುಟ್ಟುವಿನ ಕಡೆ ಸರಿದು ಹಿಂದಕ್ಕೆ ಬಂತು. "ಮೊದಲೇ ಅನುಮಾನ ಇತ್ತಾ?"

ತಟ್ಟೆ ತರುವ ನೆಪದಲ್ಲಿ ಪುಟ್ಟು ಅಡುಗೆಮನೆಯ ಬಾಗಿಲವರೆಗೆ ಹೋಗಿ ನಿಂತ.

"ಅನುಮಾನ ಇದ್ದಿದ್ರೆ ಅಷ್ಟು ಗಂಟಲು ಹರ್ಕೊಳ್ತಿದ್ನಾ?" ಎಂದಳು ಅಕ್ಕ. "ನನ್ನ ಹಠ ನಿಮಗೆ ಗೊತ್ತಿಲ್ವಾ ಸೇನಾಪತಿ? ಗಂಟಲು ಒಣಗಿತ್ತು, ತಡೆದೆ."

"ಸರಿ," ಎಂದ ಸೇನಾಪತಿ. ನಂಬಿದನೋ ಇಲ್ಲವೋ, ಮತ್ತೆ ಆ ಮಾತು ಎತ್ತಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ಬಳಗ ಬೇಡ ಅಂದ್ರೆ ಬೇಡ. ನಾನು ಬಂದು ಹೋಗ್ತಿದ್ರೆ ಅಡ್ಡಿ ಇಲ್ಲ ತಾನೇ? ಐದನೇ ಸಂಪುಟದ ನದೀ ವಿಷಯ ಇನ್ನೂ ಬಾಕಿ ಇದೆ," ಎಂದ. ಮೆಟ್ಟಿಲಲ್ಲಿ ಅವನ ಭಾರದ ಹೆಜ್ಜೆಗಳು ಇಳಿದುಹೋದವು.

ಅಕ್ಕ ಕಿಟಕಿಯತ್ತ ಮುಖ ಮಾಡಿ ಆ ವಿಷಯವನ್ನು ಮೊದಲ ಸಲ ಬಾಯಿಬಿಟ್ಟು ಕೇಳಿದಳು.

"ಪುಟ್ಟು, ಆ ಕೋಣೇಲಿ ಕೂತು ಮೊದಲು ಓದಿದಾಗ ನಿನಗೆ ಏನನ್ನಿಸ್ತು?"

ಅವನು ತಡೆದು ತಡೆದು ಹೇಳಿದ. "ಸಿಟ್ಟು ಬಂತು. ಅವಳ ಮೇಲಲ್ಲ, ನಿನ್ನ ಮೇಲೆ. ಇಷ್ಟು ವರ್ಷ ಅವಳ ಪರ ಮಾತಾಡಿದೆ. ಕುದುರೆ ಕಾಲು ನೋಡಿದೆ, ಬಲೆ ನೋಡಿದೆ. ಒಬ್ಬಳೇ ಹೆಂಗಸು, ಅವಳಿಗೆ ಹೆದರಿಕೆ ಆಗಿರಬಹುದು ಅಂತ ಒಂದ್ಸಲವೂ ನಿನಗೆ ಹೊಳೀಲಿಲ್ವಲ್ಲ ಅಂತ."

"ಹೊಳೆದಿತ್ತು."

"ಏನು?"

"ಮೊದಲ ಸಲ ಓದಿದಾಗಲೇ ಹೊಳೆದಿತ್ತು ಕಣೋ. ಹಾಗೆ ಬಿಟ್ಟು ಇಳಿದು ಹೋಗೋಕೆ ಆಗುತ್ತೆ ಅನ್ನೋದನ್ನ ನಾನು ಒಪ್ಪೋಕೆ ತಯಾರಿರಲಿಲ್ಲ. ಅದಕ್ಕೇ ನಾಲಿಗೆ ಕದ್ದ ಕಥೆ ಕಟ್ಟಿದೆ." ಅವಳು ತನ್ನ ಸೊಂಟವನ್ನು ಒತ್ತಿಕೊಂಡಳು. "ಸೇನಾಪತಿ ಕೇಳಿದನಲ್ಲ ಆವತ್ತು, ಆಗ ಏನಂತೀರಿ ಅಂತ. ಹೇಳೋಕೆ ಬಾಯಿಗೆ ಬಂದಿತ್ತು. ಒಳ್ಳೇದು ಮಾಡಿದಳು, ಇಳಿದು ಹೋದಳಲ್ಲ ಅಂತ ಹೇಳ್ತಿದ್ದೆ. ಹೇಳಿದ್ರೆ ನಿನ್ನ ಕುತ್ತಿಗೆಗೆ ಬರ್ತಿತ್ತು."

"ಊರು ಸುಟ್ಟುಹೋಯ್ತಲ್ಲ ಅಕ್ಕ."

"ಸುಟ್ಟುಹೋಯ್ತು. ಆ ಊರಿನೋರು ಒಬ್ಬರಾದ್ರೂ ಯಾವತ್ತಾದ್ರೂ ಮೇಲೆ ಹತ್ತಿ ಬಂದು ಊಟ ಆಯ್ತಾ ಅಂತ ಕೇಳಿದ್ರಾ ಅವಳನ್ನ?"

"ಅದಕ್ಕೆ ಊರೆಲ್ಲ ಸಾಯಬೇಕಾ? ಮಕ್ಕಳೂ ಇದ್ರಲ್ಲ ಅಲ್ಲಿ!"

"ಇದ್ರು. ಅದಕ್ಕೆ ಅವಳು ಸಾಯಬೇಕಿತ್ತಾ?"

"ಅವಳ ಕೆಲಸ ಅದು. ಒಪ್ಕೊಂಡು ಹೋದವಳು ತಾನೇ?"

"ಯಾರು ಹೇಳಿದ್ದು ಒಪ್ಕೊಂಡಳು ಅಂತ? ಯಾವ ಪುಟದಲ್ಲಿದೆ? ತೋರಿಸು!"

ಇಬ್ಬರ ದನಿಯೂ ಏರಿತು. ಪಕ್ಕದ ಮನೆಯವರು ಗೋಡೆ ತಟ್ಟಿದರು. ಪುಟ್ಟು ಎದ್ದು ಕಪಾಟಿನಿಂದ ಆರನೇ ಸಂಪುಟ ತೆಗೆದು, ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಹರಿದು, ಅವಳ ತೊಡೆಯ ಮೇಲೆ ಇಟ್ಟ. ಅಕ್ಕ ಅದರ ಬೆನ್ನನ್ನು ಸವರಿದಳು, ತೆರೆಯಲಿಲ್ಲ.

"ನೀನೇ ಓದು," ಎಂದಳು. "ಮೊದಲಿನಿಂದ. ಅವಳ ಪುಟ ಬಂದಾಗ ಹೇಳಬೇಡ, ಸುಮ್ನೆ ಓದ್ಕೊಂಡು ಹೋಗು."

ಅವನು ಓದಲು ಶುರು ಮಾಡಿದ. ಬಳಗಕ್ಕೆ ಅವಳು ಮತ್ತೆ ಸೇರಲಿಲ್ಲ. ಸೇನಾಪತಿ ಕೆಲವು ಭಾನುವಾರ ಬಂದ, ಅಂಗಡಿಯ ಕೆಲಸ ಹೆಚ್ಚಾದಾಗ ಬರಲಿಲ್ಲ. ಬಂದಾಗ ನದಿಯ ವಿಷಯಕ್ಕೆ ಜಗಳವಾಡಿದರು, ಗಂಟೆಯವಳ ವಿಷಯಕ್ಕೆ ಯಾರೂ ಕೈಹಾಕಲಿಲ್ಲ. ಪುಟ್ಟು ಗುಟ್ಟು ಕಾಯ್ದು ಮುದ್ರಣಾಲಯದಲ್ಲಿ ಭೇಷ್ ಎನ್ನಿಸಿಕೊಂಡದ್ದರ ಫಲವಾಗಿ ಗುಟ್ಟಿನ ಕೆಲಸವೆಲ್ಲ ಅವನ ಪಾಲಿಗೇ ಬಿತ್ತು. ಈಗ ಪರೀಕ್ಷೆಯ ಪ್ರಶ್ನೆಪತ್ರಿಕೆಗಳು. ಬೆಳಿಗ್ಗೆ ಫೋನನ್ನು ಡಬ್ಬಿಗೆ ಹಾಕಿ ಒಳಗೆ ಹೋಗುತ್ತಾನೆ, ಕಾವಲುಗಾರ ಚಿಲಕ ಹಾಕುತ್ತಾನೆ. ಸಂಜೆ ಮನೆಗೆ ಬಂದಾಗ ಅಕ್ಕ ಈಗ ಅವನ ಕೆಲಸದ ಬಗ್ಗೆ ಏನನ್ನೂ ಕೇಳುವುದಿಲ್ಲ. ಅವನು ಒಳಗೆ ಬರುವಾಗ ಅವನ ಮುಖವನ್ನೂ ನೋಡುವುದಿಲ್ಲ. ಅವನು ಕೈ ತೊಳೆದು ಟೀ ಇಟ್ಟ ಮೇಲೆ ನೋಡುತ್ತಾಳೆ.